ನಲವತ್ತೇಳನೇ ಕಿಲೋಮೀಟರಿನ ಎಡಗಡೆ

ಎಲೆಯಲ್ಲಿ ಉಪ್ಪಿಲ್ಲ ಎಂದರು.

ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹಾಲ್‌ನಲ್ಲಿ ಎರಡು ಸಾಲು ಎಲೆ ಹಾಕಿದ್ದೆವು. ಮೊದಲು ಎಡತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ಎಲ್ಲರ ಎಲೆಗೂ ನಾನೇ ಬಡಿಸಿಕೊಂಡು ಬಂದಿದ್ದೆ. ನನ್ನ ಗಂಡ ಜಗದೀಶ್ ಅನ್ನ ಕಲಸುತ್ತಿದ್ದವರು ತಲೆ ಎತ್ತಿ, ಅಷ್ಟೂ ಜನರ ಎದುರು ಕೇಳಿದರು.

“ಉಪ್ಪಿಲ್ಲ, ಉಪ್ಪಿನಕಾಯಿ ಇಲ್ಲ. ಏನ್ ಬಡಿಸಿದ್ದೀಯ ಪ್ರಮೀಳಾ?”

ಅವರ ಅಕ್ಕ ಸುಶೀಲಕ್ಕ ನಕ್ಕರು. ಕಾನ್ವೆಂಟಿನಲ್ಲಿ ಎಲೆಗೆ ಬಡಿಸುವುದನ್ನು ಹೇಳಿಕೊಟ್ಟಿಲ್ಲ ಅನ್ನಿಸುತ್ತೆ ಎಂದರು. ಎಲ್ಲರೂ ನಕ್ಕರು. ನಾನು ಗಂಡನ ಬಲಗೈ ಹತ್ತಿರ ಇನ್ನೊಂದು ಚಿಟಿಕೆ ಉಪ್ಪು ಹಾಕಿದೆ. ಊಟ ಮುಗಿದು ಅವರ ಎಲೆ ಎತ್ತುವಾಗ ನೋಡಿದೆ. ಬಲಗಡೆ ಒಂದು ಅಗುಳೂ ಇರಲಿಲ್ಲ. ಎಡಗಡೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಅರ್ಧ ಪಲ್ಯ ಹಾಗೇ ಇದ್ದವು. ಎಲೆಯ ನಡುವೆ ಯಾರೋ ದಾರ ಹಿಡಿದು ಗೆರೆ ಎಳೆದ ಹಾಗಿತ್ತು.

ಬೇಕೆಂದೇ ಮಾಡಿದರು ಎಂದುಕೊಂಡೆ. ಸಿಂಕಿನ ಮುಂದೆ ನಿಂತು ಹತ್ತರವರೆಗೆ ಎಣಿಸಿದೆ. ಕೋಪ ಬಂದರೆ ಹತ್ತು ಎಣಿಸಬೇಕು, ದನಿ ಏರಿಸಬಾರದು ಎಂದು ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದರು. ಅವತ್ತು ಎಣಿಸಿದ್ದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ.

ನಮ್ಮದು ದೊಡ್ಡಬಳ್ಳಾಪುರ. ಬೀದಿಯಲ್ಲಿ ಮಗ್ಗದ ಸದ್ದು ನಿಂತರೆ ಕರೆಂಟ್ ಹೋಯಿತು ಎಂದು ಅರ್ಥ. ಇವರು ಮಗ್ಗ ನಡೆಸುವವರಲ್ಲ, ಸೀರೆಗೆ ಡಿಸೈನ್ ಮಾಡುವವರು. ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತು ಮಾವಿನಕಾಯಿ, ನವಿಲು, ಬಳ್ಳಿ. ಆ ಕೆಲಸ ಮುಗಿಸಿ ಎದ್ದರೆ ಟೀ ಕುಡಿದು ಮತ್ತೆ ಅದೇ ಕುರ್ಚಿ. ಈ ಸಲ ರೈಲು.

ಟ್ರೇನ್ ಸಿಮ್ಯುಲೇಟರ್ ಎಂದರೆ ಆಟವೆಂದೇ ನಾನು ತಿಳಿದಿದ್ದೆ. ಆಟವಾಡುವುದಕ್ಕಿಂತ ಕಟ್ಟುವುದೇ ಜಾಸ್ತಿ ಎಂದು ಆಮೇಲೆ ಗೊತ್ತಾಯಿತು. ದೂರದ ಯಾವುದೋ ದೇಶದ ಮರುಭೂಮಿಯಲ್ಲಿ ನೂರು ವರ್ಷದ ಹಿಂದೆ ಒಂದು ನ್ಯಾರೋ ಗೇಜ್ ರೈಲು ಓಡುತ್ತಿತ್ತಂತೆ. ತಾಮ್ರದ ಅದಿರು ತುಂಬಿಕೊಂಡು ಗಣಿಯಿಂದ ಸಮುದ್ರಕ್ಕೆ ಹೋಗುತ್ತಿತ್ತು. ಈಗ ಹಳಿ ಕಿತ್ತು ಹಾಕಿದ್ದಾರೆ. ಹಳೆಯ ನಕ್ಷೆ, ಹಳೆಯ ಫೋಟೋ ನೋಡಿಕೊಂಡು ಇವರು ಅದನ್ನು ಮತ್ತೆ ಕಟ್ಟುತ್ತಿದ್ದರು. ಒಂದೊಂದು ಕಿಲೋಮೀಟರಿಗೂ ಒಂದು ವಾರ, ಹತ್ತು ದಿನ. ಕಲ್ಲು, ಕುರುಚಲು ಗಿಡ, ನೀರಿನ ತೊಟ್ಟಿ. ಬಲಗಡೆ ಕಿಲೋಮೀಟರ್ ಕಲ್ಲು, ಎಡಗಡೆ ಉದ್ದಕ್ಕೂ ತಂತಿ ಕಂಬ. ಎರಡು ಕಂಬದ ನಡುವೆ ಎಷ್ಟು ಜಾಗ ಎನ್ನುವುದನ್ನೂ ಫೋಟೋದಲ್ಲಿ ಅಳೆದು ಇಟ್ಟವರು ಅವರು.

ಮರುಭೂಮಿಯೇ ಏಕೆ ಎಂದು ಒಮ್ಮೆ ಕೇಳಿದ್ದೆ. ದಿನವೆಲ್ಲ ಹೂವು ಬಿಡಿಸಿ ಬಿಡಿಸಿ ಕಣ್ಣು ಸೋತಿದೆ, ಹೂವಿಲ್ಲದ ಒಂದು ಜಾಗ ಬೇಕು ಎಂದಿದ್ದರು.

ಆ ಶ್ರಾವಣದ ನಂತರ ಒಂದೊಂದೇ ಕಾಣತೊಡಗಿದವು. ಎಡಗಾಲಿನ ಚಪ್ಪಲಿ ಅಂಗಡಿಯ ಮುಂದೆಯೇ ಕಳಚಿಕೊಂಡರೂ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಎಡಗೆನ್ನೆಯ ಗಡ್ಡ ಹಾಗೇ ಉಳಿಯುತ್ತಿತ್ತು. ಎಡ ಭುಜ ಬಾಗಿಲಿಗೆ ಬಡಿದು ಬಡಿದು ನೀಲಿಗಟ್ಟಿತ್ತು. ಬೆಳಗ್ಗೆ ಎದ್ದಾಗ ತಲೆನೋವು. ಪೇಪರಿನ ಹೆಡ್‌ಲೈನ್ ಅರ್ಧಕ್ಕೇ ಓದಿ, ಇವರಿಗೆ ಬರೆಯೋಕೇ ಬರಲ್ಲ ಎಂದು ಪೇಪರಿನವರನ್ನು ಬೈಯುತ್ತಿದ್ದರು.

ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಅಕ್ಷರ ಓದಿಸಿ ಕನ್ನಡಕ ಬದಲಾಯಿಸಿದರು. ಮನೆಯ ಹತ್ತಿರದ ಡಾಕ್ಟರ್ ಬಿ.ಪಿ. ನೋಡಿ, ಮಾತ್ರೆ ಬರೆದು, ಸ್ಕ್ರೀನ್ ಕಡಿಮೆ ಮಾಡಿಸಿ ಎಂದರು. ನಾನು ಚಪ್ಪಲಿಯ ವಿಷಯ ಹೇಳಿದೆ. ಗಡ್ಡದ ವಿಷಯವನ್ನೂ ಹೇಳಿದೆ.

“ನಿಮ್ಮವರಿಗೆ ರೈಲಿನ ಹುಚ್ಚು ಕಣಮ್ಮ. ಮರೆವು ಅಷ್ಟೇ. ಇದಕ್ಕೆಲ್ಲ ಔಷಧಿ ಇಲ್ಲ,” ಎಂದು ನಕ್ಕು, ಹೊರಗೆ ಕೂತಿದ್ದ ಮುಂದಿನವರನ್ನು ಕರೆದರು. ಅವರ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಮಿದುಳು ಇತ್ತು. ಅದರ ಮೇಲೆ ಪೆನ್ನಿನ ಮುಚ್ಚಳ ಇಟ್ಟಿದ್ದರು. ನನಗೆ ಅದೊಂದು ಚೆನ್ನಾಗಿ ನೆನಪಿದೆ.

ಕೆಲಸದಲ್ಲಾದರೂ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಹೇಗೆ ಗೊತ್ತಾಗಬೇಕು? ಸೀರೆಯ ಒಂದು ಕಡೆಯ ಅಂಚು ಬಿಡಿಸಿದರೆ ಇನ್ನೊಂದನ್ನು ಕಂಪ್ಯೂಟರೇ ಕನ್ನಡಿಯಂತೆ ಮಗುಚಿ ಹಾಕುತ್ತದೆ. ಇವರು ಬಲಗಡೆಯದನ್ನು ಬಿಡಿಸುತ್ತಿದ್ದರು. ಸೀರೆಗಳು ಸರಿಯಾಗೇ ನೇಯ್ದು ಹೋದವು.

ಕಂಬ ಕಾಣೆಯಾದದ್ದನ್ನು ನಾನು ನೋಡಿದ್ದೆ.

ಇದನ್ನು ಬರೆಯುವುದು ಕಷ್ಟ. ಟೀ ಕೊಡಲು ಹೋದಾಗ ಪರದೆಯಲ್ಲಿ ರೈಲು ನಿಂತಿತ್ತು. ಬಲಗಡೆ ಬಂಡೆ, ಗಿಡ, ಎಲುಬಿನಂಥ ಒಣಮರ. ಎಡಗಡೆ ಬರೀ ಮರಳು. ಕಂಬ ಎಲ್ಲಿ ರೀ ಎಂದೆ. “ಮರುಭೂಮಿ ಕಣೇ, ಅಲ್ಲೇನಿರುತ್ತೆ?” ಎಂದರು, ತಿರುಗಿಯೂ ನೋಡದೆ. ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದಷ್ಟೇ ಅಲ್ಲ, ಚೆನ್ನಾಗಿದೆ ಅನ್ನಿಸಿತ್ತು. ಶಾಲೆಯಲ್ಲಿ ನೋಟ್‌ಬುಕ್ಕಿನ ಎಡಕ್ಕೆ ಕೆಂಪು ಪೆನ್ಸಿಲಿನಲ್ಲಿ ಮಾರ್ಜಿನ್ ಎಳೆಸುತ್ತಿದ್ದರು. ಗೆರೆಯಾಚೆ ಒಂದಕ್ಷರವೂ ಹೋಗಬಾರದು. ಹೋಗದಿದ್ದವರಿಗೆ ಸಿಸ್ಟರ್ ಸ್ಟಾರ್ ಕೊಡುತ್ತಿದ್ದರು. ನನಗೆ ತುಂಬ ಸ್ಟಾರ್ ಬಂದಿದ್ದವು.

ದೀಪಾವಳಿಯ ಮರುವಾರ, ಬೆಳಗಿನ ತಿಂಡಿ ಹೊತ್ತಿನಲ್ಲಿ, ಅವರ ಎಡಗೈ ತಾನಾಗಿ ಕುಣಿಯತೊಡಗಿತು. ಆಮೇಲೆ ಇಡೀ ದೇಹ. ದೋಸೆಯ ತಟ್ಟೆ ನೆಲಕ್ಕೆ ಬಿತ್ತು.

ಫಿಟ್ಸ್.

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಬ್ಬರು ಲೇಡಿ ನ್ಯೂರಾಲಜಿಸ್ಟ್ ಇದ್ದರು. ಅವರು ಸ್ಕ್ಯಾನ್‌ಗೆ ಕಳಿಸುವ ಮೊದಲು ಒಂದು ಬಿಳಿ ಹಾಳೆ ಕೊಟ್ಟು ಗಡಿಯಾರ ಬಿಡಿಸಿ ಎಂದರು. ಬಾಳೆಲ್ಲ ನವಿಲು ಬಿಡಿಸಿದ ಕೈ. ದುಂಡಗೆ ಚೆಂದದ ವೃತ್ತ ಬಂತು. ಒಂದರಿಂದ ಹನ್ನೆರಡರವರೆಗಿನ ಅಂಕಿಗಳನ್ನು ಬಲಗಡೆಯ ಅರ್ಧದಲ್ಲೇ ಒತ್ತಾಗಿ ತುಂಬಿ, ಆಯ್ತು ಮೇಡಂ ಎಂದು ಹಾಳೆಯನ್ನು ಮುಂದಕ್ಕೆ ಸರಿಸಿದರು. ಎರಡು ನಿಮಿಷವೂ ಆಗಿರಲಿಲ್ಲ. ಇಷ್ಟೇ ಇತ್ತು ಪರೀಕ್ಷೆ. ಒಂದು ಹಾಳೆ, ಒಂದು ಪೆನ್ಸಿಲ್. ನಮ್ಮೂರಿನಲ್ಲಿ ಇವೆರಡೂ ಸಿಗುವುದಿಲ್ಲವೇ?

“ಕಣ್ಣು ಸರಿಯಾಗೇ ಇದೆಯಮ್ಮ,” ಎಂದರು ಅವರು. “ಕಣ್ಣು ತೋರಿಸಿದ್ದನ್ನ ಬ್ರೈನ್ ತಗೊಳ್ತಿಲ್ಲ. ಅವರ ಪಾಲಿಗೆ ಎಡಗಡೆ ಅನ್ನೋದೇ ಇಲ್ಲ. ಇಲ್ಲ ಅನ್ನೋದೂ ಅವರಿಗೆ ಗೊತ್ತಾಗಲ್ಲ.”

ಎಂ.ಆರ್.ಐ.ನಲ್ಲಿ ತಲೆಯ ಬಲಭಾಗದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗೆಡ್ಡೆ ಕಂಡಿತು. ಮೆನಿಂಜಿಯೋಮ. ನಿಧಾನವಾಗಿ ಬೆಳೆಯುವಂಥದು.

ಆಪರೇಷನ್ ಏಳು ಗಂಟೆ ಹಿಡಿಯಿತು. ಐ.ಸಿ.ಯು. ಹೊರಗಿನ ಕುರ್ಚಿಯಲ್ಲಿ ಸುಶೀಲಕ್ಕ ಒಂದೇ ಸಮನೆ ಹೇಳುತ್ತಿದ್ದರು. ಆ ಹಾಳು ರೈಲು ನೋಡೀ ನೋಡೀ ತಲೆಯಲ್ಲಿ ಗೆಡ್ಡೆ ಬಂತು, ನೀನಾದರೂ ವೈರ್ ಕಿತ್ತು ಬಿಸಾಡಬಾರದಿತ್ತೇ ಎಂದು. ನಾನು ಎಣಿಸಿದೆ. ಹತ್ತಾಯಿತು, ಇಪ್ಪತ್ತಾಯಿತು.

ಮೂರನೇ ದಿನ ಬಟ್ಟೆ ತರಲು ಮಧ್ಯಾಹ್ನದ ರೈಲಿನಲ್ಲಿ ಮನೆಗೆ ಬಂದೆ. ಚೀಲಕ್ಕೆ ಟವೆಲ್ ತುಂಬುತ್ತಿದ್ದವಳು ಯಾಕೋ ಕಂಪ್ಯೂಟರ್ ಆನ್ ಮಾಡಿದೆ. ಮೊದಲ ಸ್ಟೇಷನ್ನಿನಿಂದ ರೈಲು ಓಡಿಸಲು ಅವರೇ ಒಮ್ಮೆ ಹೇಳಿಕೊಟ್ಟಿದ್ದರು. ಬೇಗ ಓಡಿಸುವ ಬಟನ್ ಒತ್ತಿ ಕೂತೆ. ಎರಡೂ ಕಡೆ ಗಿಡ, ಎರಡೂ ಕಡೆ ಕಲ್ಲು. ಎಡಗಡೆ ಕಂಬಗಳು ತಪ್ಪದೆ ಬರುತ್ತಿದ್ದವು. ಮೂವತ್ತೆಂಟನೇ ಕಿಲೋಮೀಟರಿನ ಹತ್ತಿರ ಎಡಗಡೆಯ ಗಿಡಗಳು ವಿರಳವಾದವು. ನಲವತ್ತೆರಡರಲ್ಲಿ ಕಲ್ಲುಗಳಿಲ್ಲ. ನಲವತ್ತೇಳನೇ ಕಲ್ಲು ದಾಟಿದ ಮೇಲೆ ಕೊನೆಯ ಕಂಬ. ಅಲ್ಲಿಂದ ಎಪ್ಪತ್ತೊಂದರವರೆಗೆ ಎಡಗಡೆ ಏನೆಂದರೆ ಏನೂ ಇಲ್ಲ. ಬಲಗಡೆ ಮಾತ್ರ ಮೊದಲಿಗಿಂತಲೂ ಚೆಂದ.

ನಲವತ್ತೇಳನೆಯದನ್ನು ಮಾಡಿದ ತಾರೀಖು ಫೈಲಿನಲ್ಲಿತ್ತು. ಯುಗಾದಿಯ ವಾರ. ಉಪ್ಪಿನ ದಿನಕ್ಕಿಂತ ನಾಲ್ಕು ತಿಂಗಳು ಹಿಂದೆ.

ಕಾಯಿಲೆ ಅಲ್ಲಿ ಒಂದೊಂದೇ ಕಿಲೋಮೀಟರ್ ದಾಟಿಕೊಂಡು ಬಂದಿತ್ತು, ಹಗಲು ಹೊತ್ತಿನಲ್ಲಿ, ನನ್ನ ಟೀ ಲೋಟದ ಪಕ್ಕದಲ್ಲೇ. ವಾಪಸ್ ಬರುವ ರೈಲನ್ನು ಅವರು ಒಂದು ಸಲವಾದರೂ ಓಡಿಸಿದ್ದರೆ ಆ ಖಾಲಿ ಜಾಗ ಬಲಗಡೆಗೆ ಬರುತ್ತಿತ್ತು, ಕಣ್ಣಿಗೆ ಬೀಳುತ್ತಿತ್ತು. ಕಟ್ಟಿ ಮುಗಿಯುವವರೆಗೆ ವಾಪಸ್ ಬರುವುದಿಲ್ಲ ಎನ್ನುವುದು ಅವರ ಹಟ.

ಅವರ ಮೇಲ್‌ನಲ್ಲಿ ಒಂದು ಪತ್ರವಿತ್ತು. ಅರ್ಧ ಕಟ್ಟಿದ ಲೈನನ್ನು ಪರೀಕ್ಷೆಗೆಂದು ಇದೇ ಹುಚ್ಚಿನ, ಹೊರದೇಶದ ಒಬ್ಬ ನಿವೃತ್ತ ಅಂಚೆಯವರಿಗೆ ಕಳಿಸಿದ್ದರು. ನಲವತ್ತೇಳರ ನಂತರ ಎಡಗಡೆ ಖಾಲಿ ಇದೆ, ಬೇಕೆಂದೇ ಬಿಟ್ಟಿದ್ದೀರಾ ಎಂದು ಆತ ಕೇಳಿದ್ದರು. ಇವರು ಒಂದೇ ಸಾಲು ಉತ್ತರ ಬರೆದಿದ್ದರು, ಅದು ಮರುಭೂಮಿ ಸರ್. ಆತನೂ ಒಪ್ಪಿಕೊಂಡಿದ್ದರು.

ಜೊತೆಗೆ ಅದೇ ಜಾಗದ ಹಳೆಯ ಫೋಟೋ ಇತ್ತು. ಹಳಿಯ ಎಡಕ್ಕೆ, ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ನಿನ ಪುಟ್ಟ ಮನೆ. ಮನೆಯ ಮುಂದೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಾಳೆ. ಗಾಳಿಗೆ ಒಂದು ಬಟ್ಟೆ ಅವಳ ಮುಖದ ಮೇಲೆ ಬಂದಿದೆ.

ಬಟ್ಟೆಯ ಚೀಲ ಹಿಡಿದುಕೊಂಡು ಆ ಹೆಂಗಸನ್ನು ತುಂಬ ಹೊತ್ತು ನೋಡಿದೆ. ಅವತ್ತು ನಾನು ಎಣಿಸಲಿಲ್ಲ. ಖಾಲಿ ಮನೆಯಲ್ಲಿ, ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂದು ಗೊತ್ತಿದ್ದು, ಜೋರಾಗಿ ಕಿರುಚಿದೆ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲ ಎಂದು ಬಂತು. ಜೀವ ಉಳಿಯಿತು. ಎಡಗಡೆ ವಾಪಸ್ ಬರುತ್ತದೆಯೇ ಎಂದರೆ ಡಾಕ್ಟರ್, ಬರಬಹುದು, ಎಷ್ಟು ಎಂದು ಹೇಳಲಾಗದು ಎಂದರು. ನಾನು ಮನೆಗೆ ತಂದದ್ದು ಆ ಒಂದು ಪ್ರಶ್ನೆಯನ್ನೇ.

ಥೆರಪಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ. ಪುಸ್ತಕದ, ತಟ್ಟೆಯ, ಕಂಪ್ಯೂಟರ್ ಪರದೆಯ ಎಡ ಅಂಚಿಗೆಲ್ಲ ಕೆಂಪು ಟೇಪ್ ಅಂಟಿಸಿದಳು. ಆ ಕೆಂಪು ಕಾಣುವವರೆಗೆ ಕತ್ತು ತಿರುಗಿಸಬೇಕು, ಅಲ್ಲಿಂದ ನೋಡಲು ಶುರುಮಾಡಬೇಕು. ಯಾವ ವಸ್ತುವನ್ನೂ ಬಲಗಡೆಗೆ ಸರಿಸಿ ಸಹಾಯ ಮಾಡಬೇಡಿ, ನೀವೂ ಎಡಗಡೆಯೇ ಕೂತು ಮಾತಾಡಿ ಎಂದಳು. ನನ್ನ ನೋಟ್‌ಬುಕ್ಕಿನ ಗೆರೆ ನೆನಪಾಯಿತು. ನಮಗೆ ಗೆರೆ ದಾಟಬೇಡಿ ಎಂದಿದ್ದರು. ಇವಳು ಗೆರೆಯಿಂದಲೇ ಶುರುಮಾಡಿ ಎನ್ನುತ್ತಿದ್ದಳು.

ಸುಶೀಲಕ್ಕನಿಗೆ ತಮ್ಮ ಹಸಿದುಕೊಂಡು ಏಳುವುದು ನೋಡಲಾಗದು. ನಾನು ಒಳಗೆ ಹೋದಾಗ ಪಲ್ಯವನ್ನು ಬಲಗಡೆಗೆ ಎಳೆದಿಟ್ಟರು.

“ಅಕ್ಕಾ, ತಟ್ಟೆ ಮುಟ್ಟಬೇಡಿ,” ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ.

“ಹಸ್ಕೊಂಡಿದ್ದಾನೆ ಕಣೇ ಪಾಪ. ಏನ್ ಕಲ್ಲು ಮನಸ್ಸೇ ನಿಂದು.”

“ಹಸ್ಕೊಂಡೇ ಇರ್ಲಿ. ಹುಡುಕ್ಲಿ.”

ಅವರು ಅಂದು ಊಟ ಮಾಡದೆ ಮಗನ ಮನೆಗೆ ಹೋದರು. ಮರುದಿನ ಬಂದು ತಮ್ಮನ ಎಡಗಡೆ ಕುರ್ಚಿ ಹಾಕಿಕೊಂಡು ಕೂತರು. ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಅರ್ಧ ಇನ್ನೂ ಇದೆ.

ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಎಂದು ಥೆರಪಿಸ್ಟ್ ಹೇಳಿದಾಗ ಇವರು ಮೊದಲ ಸ್ಟೇಷನ್ನಿನಿಂದಲೇ ಹೊರಟರು. ಆ ಹಳೆಯ ಇಂಜಿನ್ ಅರ್ಧ ಗಂಟೆಗೆ ಹತ್ತು ಕಿಲೋಮೀಟರ್ ಹೋದರೆ ಹೆಚ್ಚು. ಇವರಿಗೋ ಪ್ರತಿ ಕಂಬಕ್ಕೂ ಕತ್ತು ತಿರುಗಿಸಿ ಎಣಿಸುವ ಕೆಲಸ. ಎಣಿಕೆ ತಪ್ಪಿದರೆ ಆ ಕಿಲೋಮೀಟರ್ ಮತ್ತೆ ಮೊದಲಿನಿಂದ. ಕೆಲವು ವಾರ ಒಂದೇ ಜಾಗದಲ್ಲಿ ನಿಂತೆವು. ಕೆಲವು ದಿನ ಕೆಂಪು ಟೇಪೇ ಕಾಣದೆ ಮೌಸ್ ಎಸೆದರು. ನಲವತ್ತೇಳರ ಸುದ್ದಿಯನ್ನು ನಾನು ಅವರಿಗೆ ಹೇಳಿರಲಿಲ್ಲ. ಥೆರಪಿಸ್ಟಿಗೆ ಹೇಳಿದ್ದೆ. ಹೇಳಬೇಡಿ, ಕಾಯಿರಿ ಎಂದಿದ್ದಳು.

ಮೊನ್ನೆ ಭಾನುವಾರ ಬೆಳಗ್ಗೆ ನಲವತ್ತಾರರಿಂದ ಹೊರಟರು. ನಾನು ಎಡಕ್ಕೆ ಸ್ಟೂಲ್ ಹಾಕಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಕಂಬ ಬಂದಾಗಲೆಲ್ಲ ಅವರ ತುಟಿ ಅಲುಗುತ್ತಿತ್ತು. ನಲವತ್ತೇಳನೇ ಕಲ್ಲು ಬಂತು. ಕೊನೆಯ ಕಂಬ ಬಂತು. ಹೋಯಿತು.

ರೈಲು ಓಡುತ್ತಲೇ ಇತ್ತು. ಅವರ ಮುಖ ಬಲಗಡೆಯ ಬಂಡೆಗಳ ಕಡೆ. ನನ್ನ ಕೈ ನಿಂತಿತು. ಇಷ್ಟೇ, ಬರುವುದು ಇಷ್ಟೇ ಎಂದುಕೊಂಡೆ.

ಬ್ರೇಕಿನ ಸದ್ದಾಯಿತು.

ಅವರು ಕತ್ತು ತಿರುಗಿಸಿ ಕೆಂಪು ಟೇಪನ್ನು ನೋಡಿದರು. ಅಲ್ಲಿಂದ ನಿಧಾನವಾಗಿ ಒಳಗೆ ಬಂದರು. ಮತ್ತೆ ಟೇಪಿಗೆ ಹೋದರು.

“ಪ್ರಮೀಳಾ, ಕಂಬ ಎಲ್ಲೇ?”

ನಾನು ಮೊರವನ್ನು ಕೆಳಗಿಟ್ಟೆ.

“ಇಲ್ಲೊಂದು ಮನೆ ಇರ್ಬೇಕಿತ್ತು. ಫೋಟೋದಲ್ಲಿದೆ. ಏನೂ ಇಲ್ವಲ್ಲೇ ಇಲ್ಲಿ. ಯಾರ್ ಹಿಂಗೆ ಹಾಳ್ ಮಾಡಿದ್ದು?”

ದನಿಯಲ್ಲಿ ಸಿಟ್ಟಿತ್ತು. ಎಷ್ಟು ತಿಂಗಳ ಮೇಲೆ ಅವರದೇ ಸಿಟ್ಟು.

“ಮರುಭೂಮಿ ಅಲ್ವಾ ರೀ,” ಎಂದೆ. “ಅಲ್ಲೇನಿರುತ್ತೆ?”

“ಮರುಭೂಮಿ ಅಂದ್ರೆ ಏನೂ ಇರಲ್ಲ ಅಂತ ಯಾರೇ ಹೇಳಿದ್ದು ನಿಂಗೆ?”

“ನೀವೇ.”

ಅವರು ನನ್ನನ್ನು ನೋಡಿದರು. ನಾನು ಅವರ ಎಡಗಡೆ ಇದ್ದೆ. ನೋಡಿದರು.

ಆಮೇಲೆ ಒಂದು ಕಂಬ ನೆಟ್ಟರು. ಅದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಇನ್ನು ಇಪ್ಪತ್ನಾಲ್ಕು ಕಿಲೋಮೀಟರ್ ಇದೆ, ಆರು ತಿಂಗಳಿಗೊಂದು ಎಂ.ಆರ್.ಐ. ಇದೆ, ಫಿಟ್ಸಿನ ಮಾತ್ರೆ ಇದೆ. ಆ ಪೆನ್ನಿನ ಮುಚ್ಚಳದ ಡಾಕ್ಟರನ್ನು ನಾನು ಕ್ಷಮಿಸಿಲ್ಲ, ನನ್ನನ್ನೂ ಪೂರ್ತಿ ಕ್ಷಮಿಸಿಕೊಂಡಿಲ್ಲ. ಗಡಿಯಾರ ಬಿಡಿಸಿ ಎಂದ ಆ ತಾಯಿಗೆ ಮಾತ್ರ ದಿನಾ ದೀಪ ಹಚ್ಚುವಾಗ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಕಂಬ ಸ್ವಲ್ಪ ವಾಲಿತ್ತು. ನಾನು ಹೇಳಲಿಲ್ಲ. ಹುಣಸೆಬೀಜದ ಮೊರ ಎತ್ತಿಕೊಂಡು ಒಳಗೆ ಹೋಗುವಷ್ಟರಲ್ಲಿ ಹಿಂದಿನಿಂದ ಗೊಣಗಿದರು, “ಇದು ವಾಲಿದೆ ಕಣೇ.”