ಹಾಗಲವಾಡಿಗೆ ಹೊರಟು ಕುಣಿಗಲ್ಲಿಗೆ

ಗುಬ್ಬಿಯ ಕೊಬ್ಬರಿ ವ್ಯಾಪಾರದ ಮನೆಯಲ್ಲಿ ಹುಟ್ಟಿ, ವಿಮಾನ ಓಡಿಸ್ತೀನಿ ಅಂತ ಹಟ ಹಿಡಿದವನು ಕರಿಬಸವಯ್ಯ ಒಬ್ಬನೇ. ಊರು ನಕ್ಕಿತು. ನಗಲಿ ಬಿಡಿ, ಊರಿಗೆ ಇನ್ನೇನು ಕೆಲಸ! ಅವನು ಕಲಿತ, ತೋಟಗಳಿಗೆ ಔಷಧಿ ಹೊಡೆಯುವ ಸಣ್ಣ ಕಂಪನಿಯೊಂದಕ್ಕೆ ಸೇರಿದ. ಎಪ್ಪತ್ತೆಂಟರ ಆಷಾಢದಲ್ಲಿ ಅವನಿಗೆ ಪರೀಕ್ಷೆ ಬಂತು. ತುಮಕೂರಿನ ಹೊರಗಿನ ಮೈದಾನದಿಂದ ಎದ್ದು ಹಾಗಲವಾಡಿಗೆ ಹೋಗಿ ಬರಬೇಕು. ಪಾಸಾದರೆ ಕ್ಯಾಪ್ಟನ್, ಇಲ್ಲದಿದ್ದರೆ ಪಕ್ಕದ ಸೀಟೇ ಗತಿ.

"ಆಷಾಢದಲ್ಲಿ ಹೊಸ ಕೆಲ್ಸಕ್ಕೆ ಕೈ ಹಾಕ್ತಾರೇನ್ಲಾ?" ಅಂತ ತಾಯಿ ಸರ್ವಮಂಗಳಮ್ಮ ಗೊಣಗಿ, ಲಾರಿಗಳಲ್ಲಿ ಇಡುತ್ತಾರಲ್ಲ, ಅಂಥ ಪುಟ್ಟ ಬಸವಣ್ಣನನ್ನು ಕೈಗಿಟ್ಟರು. "ಲಾರಿಗೇ ಬೇಕು, ವಿಮಾನಕ್ಕೆ ಬ್ಯಾಡ್ವಾ?"

ಪರೀಕ್ಷೆ ಮಾಡುವವರು ಮೈಸೂರಿನ ಅನಂತರಾಮಯ್ಯ, ಅವನಿಗೆ ಹಾರಲು ಕಲಿಸಿದ ಗುರುಗಳೇ. ಕಂಪಾಸಿನ ಪಕ್ಕದ ಕಬ್ಬಿಣದ ಪಟ್ಟಿಗೆ ಬಸವಣ್ಣ ಟಪ್ಪನೆ ಕಚ್ಚಿಕೊಂಡ. ಕರಿಬಸವಯ್ಯ ಕೈಮುಗಿದ. ಗುರುಗಳೂ ಮುಗಿದರು.

ವಿಮಾನ ಎದ್ದಿತು. ಮೋಡದಲ್ಲಿ ಸೂರ್ಯನ ಸುಳಿವೇ ಇಲ್ಲ. ಕಂಪಾಸು ವಾಯವ್ಯ ಅನ್ನುವವರೆಗೆ ತಿರುಗಿಸಿ ನೆಟ್ಟಗೆ ಹೊರಟ. ಕೆಳಗೆ ಗುಬ್ಬಿಯ ರೈಲು ಹಳಿ ಸಿಗಬೇಕಿತ್ತು, ಸಿಗಲಿಲ್ಲ. ಹಳಿಯನ್ನು ಯಾರಾದರೂ ಕಿತ್ತುಕೊಂಡು ಹೋಗ್ತಾರೆಯೇ? ಕಣ್ಣು ಒಂದು ಹೇಳುತ್ತಿತ್ತು, ಕಂಪಾಸು ಇನ್ನೊಂದು. ಓರೆಗಣ್ಣಿನಲ್ಲಿ ನೋಡಿದ, ಗುರುಗಳು ಗಂಭೀರವಾಗಿ ಕೂತಿದ್ದಾರೆ. ಸರಿಯೇ ಇರಬೇಕು ಅಂದುಕೊಂಡ.

ಅಷ್ಟರಲ್ಲಿ ದೊಡ್ಡದೊಂದು ಕೆರೆ ಬಂತು. ಬೇಲಿ ಹಾಕಿದ ಬಯಲಲ್ಲಿ, ವಿಮಾನದ ಸದ್ದಿಗೆ ಬೆದರಿ ಕುದುರೆಗಳು ಓಡುತ್ತಿವೆ. ಅಯ್ಯೋ ಶಿವನೇ, ಇಷ್ಟು ಕುದುರೆ ಇರೋದು ಕುಣಿಗಲ್ಲಲ್ಲಿ! ವಾಯವ್ಯದ ಹಾಗಲವಾಡಿ ಎಲ್ಲಿ, ದಕ್ಷಿಣದ ಕುಣಿಗಲ್ ಎಲ್ಲಿ! ಬಾಯಿ ತೆರೆದ, ಮುಚ್ಚಿದ. ಗುರುಗಳು ಸುಮ್ಮನಿರುವಾಗ ತಾನು ಹೇಗೆ ಹೇಳುವುದು? ಕುದುರೆಗಳೂ ಹಿಂದೆ ಉಳಿದವು.

ಕೊನೆಗೆ ಅನಂತರಾಮಯ್ಯನವರೇ ತಡೆಯಲಾರದೆ ಕೇಳಿದರು. "ಇದು ಎಲ್ಲಯ್ಯಾ?"

"ಕುಣಿಗಲ್ ದಾಟಿದ್ವಿ ಸಾರ್."

"ಮತ್ತೆ ಹೇಳ್ಬಾರ್ದಾ!"

"ನೀವು ಸುಮ್ನಿದ್ರಲ್ಲ ಸಾರ್."

"ನೀನು ಗುಬ್ಬಿಯವನು, ನಿಮ್ಮ ಸೀಮೆ ನಿನಗೆ ಗೊತ್ತಿರುತ್ತೆ ಅಂತ ನಾನು ಸುಮ್ನಿದ್ದೆ!" ಅಂದವರು ಕಂಪಾಸು ನೋಡಿದರು, ಬಸವಣ್ಣನನ್ನು ನೋಡಿದರು, ಕಿತ್ತು ಸೀಟಿನ ಹಿಂದೆ ದೂರ ಇಟ್ಟರು. ಕಂಪಾಸು ಗರಗರ ತಿರುಗಿ ದಕ್ಷಿಣ ಅಂದಿತು. ಬಸವಣ್ಣನ ಪೀಠದಡಿಯ ಅಯಸ್ಕಾಂತ ಅದನ್ನು ಅಷ್ಟೂ ಹೊತ್ತು ಎಳೆದು ಹಿಡಿದಿತ್ತು.

ಇಳಿದ ಮೇಲೆ ಗುರುಗಳು ಮುಖ ತಗ್ಗಿಸಿದರು. "ನಾನೂ ಕೈಮುಗಿದೆನಲ್ಲಯ್ಯಾ. ಪಾಸ್ ಅಂತ ಬರೆದುಬಿಡ್ಲಾ?"

ಕರಿಬಸವಯ್ಯನಿಗೆ ಆ ಮಾತು ಎಷ್ಟು ಬೇಕಾಗಿತ್ತೋ ಅವನ ಹೊಟ್ಟೆಗೇ ಗೊತ್ತು. ಆದರೂ, "ಬ್ಯಾಡಿ ಸಾರ್" ಅಂದ.

ಸಂಜೆ ಬಾಗಿಲಲ್ಲೇ ತಾಯಿ ಕಾದಿದ್ದರು. "ಕ್ಯಾಪ್ಟನ್ ಆದೇನ್ಲಾ?"

"ಇಲ್ಲ ಕಣವ್ವ."

"ಯಾಕ್ಲಾ, ದಾರಿ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಕಣವ್ವ. ಕುಣಿಗಲ್ ಕಣ್ಣಿಗೆ ಕಂಡ್ರೂ ಕುಣಿಗಲ್ ಅನ್ನಕ್ಕೆ ನಂಗೆ ಧೈರ್ಯ ಬರ್ಲಿಲ್ಲ" ಅಂದವನು, ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟ.