ಎರಡು ಜಾಹೀರಾತುಗಳ ನಡುವಿನ ಕತ್ತಲೆ
ಕೊಲ್ಲಿ ದೇಶದ ಅಬು ಹಲೀಫಾದಲ್ಲಿರುವ ನಮ್ಮ ಕಟ್ಟಡದ ಸಿರಿಲ್ ಬಾಬ್‌ಗೆ ಅಮೆರಿಕದ ಫುಟ್‌ಬಾಲ್ ಫೈನಲ್ ಎಂದರೆ ಜೀವ. ಆದರೆ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಆ ಆಟದ ನಿಯಮ ಅವರಿಗೆ ಇಂದಿಗೂ ಗೊತ್ತಿಲ್ಲ. 'ಆಟ ಬಿಡಿ, ಅಡ್ವರ್ಟೈಸ್‌ಮೆಂಟ್ ನೋಡಿ' ಎನ್ನುತ್ತ, ಪ್ರತಿ ವರ್ಷ ಪಂದ್ಯ ನಡೆದ ವಾರದ ಶುಕ್ರವಾರ ಇಗರ್ಜಿಯಿಂದ ಬಂದವರೇ ನಮ್ಮನ್ನು ಸೋಫಾದಲ್ಲಿ ಕೂರಿಸಿ, ೧೯೯೮ರ ಅದೇ ಹಳೆಯ ಕ್ಯಾಸೆಟ್ ಹಾಕುತ್ತಾರೆ. ಆಟ ಬಂದರೆ ಮುಂದಕ್ಕೆ ಓಡಿಸುತ್ತಾರೆ. ಜಾಹೀರಾತು ಬಂದರೆ ನಾವು ಕೆಮ್ಮುವಂತಿಲ್ಲ. ಕಾರು, ಚಿಪ್ಸ್, ತಂಪು ಪಾನೀಯ, ಎಲ್ಲದರ ಮಾತೂ ಅವರಿಗೆ ಬಾಯಿಪಾಠ. ನಮ್ಮ ಮಕ್ಕಳು ಶಾಲೆಯಲ್ಲಿ ಹೇಳಿ ನಗಿಸುವುದೂ ಅದನ್ನೇ. ಅಮೆರಿಕನ್ ಎಂಜಿನಿಯರೊಬ್ಬ ಕೊಟ್ಟ ಮೂಲ ಕ್ಯಾಸೆಟ್ ಅಲ್ಲಿನ ಪದ್ಧತಿ ಬೇರೆಯಾದ್ದರಿಂದ ಇಲ್ಲಿನ ವಿಸಿಆರ್‌ನಲ್ಲಿ ಓಡದಿದ್ದಾಗ, ಸಿರಿಲ್ ಬಾಬ್ ಆತನ ಟಿವಿ, ವಿಸಿಆರ್ ಎರಡನ್ನೂ ಮನೆಗೆ ಹೊತ್ತುತಂದು, ಎದುರಿಗೆ ಕ್ಯಾಮೆರಾ ನಿಲ್ಲಿಸಿ ತೆಗೆದ ನಕಲು ಇದು. ಹಾಗಾಗಿ ಅಂದಿನ ಮನೆಯ ಸದ್ದೂ ಅದರೊಳಗಿದೆ. ಎರಡು ಜಾಹೀರಾತುಗಳ ನಡುವೆ ಪರದೆ ಕಪ್ಪಾದಾಗ, ತೀರಿಕೊಂಡು ಹತ್ತು ವರ್ಷವಾದ ಅವರ ಹೆಂಡತಿ ಐರಿನ್‌ಬಾಯಿ ಅಡುಗೆಮನೆಯಿಂದ ಕೇಳುತ್ತಾರೆ: 'ಚಾ ಎಷ್ಟು ಜನಕ್ಕೆ?' ಸಿರಿಲ್ ಬಾಬ್ ನಮ್ಮನ್ನು ಎಣಿಸಿ ಉತ್ತರ ಕೊಡುತ್ತಾರೆ. ಮುಂದಿನ ಜಾಹೀರಾತು ಶುರುವಾಗುತ್ತದೆ. ಈ ವರ್ಷ ನಾನು ಬಾಯಿತಪ್ಪಿ 'ನನಗೆ ಬೇಡ' ಎಂದುಬಿಟ್ಟೆ. ಪರದೆ ಕಪ್ಪಾಗಿಯೇ ಉಳಿಯಿತು. 'ಅರ್ಧ ಲೋಟ ಆದ್ರೂ ಕುಡೀರಿ ಮಾರಾಯ್ರೆ' ಎಂದಿತು ಅದೇ ದನಿ, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಕ್ಯಾಸೆಟ್ಟಿನಲ್ಲಿ ಕೇಳಿರದ ಮಾತು. ಸಿರಿಲ್ ಬಾಬ್ ಪರದೆಯಿಂದ ಕಣ್ಣು ತೆಗೆಯದೆ ನನ್ನ ಮೊಣಕಾಲು ಮುಟ್ಟಿದರು. 'ಆಯ್ತು ಅನ್ನಿ,' ಎಂದರು ಮೆಲ್ಲಗೆ, 'ಇಲ್ಲದಿದ್ರೆ ಕೇಳ್ಲಿಕ್ಕೆ ಹೊರಗೆ ಬರ್ತಾಳೆ.'