ಕೆಲಸದ ಕೋಣೆಯ ದನಿ

ಆ ಮನೆಯ ಸೊಸೆ ಹೊಟ್ಟೆ ಹೊರೆಯುತ್ತಿದ್ದದ್ದು ಕಿವಿಯಿಂದ. ಆಸ್ಪತ್ರೆಗಳ ಡಾಕ್ಟರುಗಳು ರೋಗಿಯನ್ನು ನೋಡಿ ಮುಗಿಸಿ, ಗಡಿಬಿಡಿಯಲ್ಲಿ ಫೋನಿಗೆ ಮಾತಾಡಿ ಕಳಿಸುವುದನ್ನು ಅವಳು ಹೆಡ್‌ಫೋನಿನಲ್ಲಿ ಕೇಳಿ, ತಪ್ಪಿಲ್ಲದೆ ಟೈಪು ಮಾಡಿ ವಾಪಸು ಕಳಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಕೀಲಿಮಣೆಯ ಸದ್ದು ಕೇಳಿ ಕೇಳಿ, ಪಕ್ಕದ ಮನೆಯವರು ಅವಳಿಗೆ ‘ಟಕಟಕ’ ಅಂತಲೇ ಹೆಸರಿಟ್ಟಿದ್ದರು. ಒಬ್ಬ ಡಾಕ್ಟರ ಮುಖವನ್ನೂ ಅವಳು ಕಂಡವಳಲ್ಲ. ಆದರೆ ಉಸಿರೆಳೆದುಕೊಳ್ಳುವ ರೀತಿಯಲ್ಲೇ ಇವರು ಮೂಳೆಯವರು, ಇವರು ಮಕ್ಕಳ ಡಾಕ್ಟರು, ಇವತ್ತು ಇವರಿಗೆ ಮನೆಯಲ್ಲಿ ಜಗಳವಾಗಿದೆ ಎಂದು ಹೇಳಬಲ್ಲಳು. ಒಮ್ಮೆ ಕೇಳಿದ ದನಿಯನ್ನು ಅವಳು ಮರೆತದ್ದಿಲ್ಲ.

ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಗಂಡ ಲಿಫ್ಟ್ ಮೆಕ್ಯಾನಿಕ್. ಅಷ್ಟು ವರ್ಷ ಎತ್ತರದ ಕಟ್ಟಡಗಳ ಲಿಫ್ಟಿನ ಬಾವಿಯೊಳಗೆ ಹಗ್ಗ ಹಿಡಿದು ತೂಗಾಡಿದವನಿಗೆ ಏನೂ ಆಗಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ, ಸಮತಟ್ಟಾದ ರಸ್ತೆಯಲ್ಲಿ, ಲಾರಿ ಹೊಡೆದು ಹೋಗಿಬಿಟ್ಟ. ಅದಾಗಿ ಎರಡು ವರ್ಷ. ಅವನು ಸಾಮಾನು ಬಿಚ್ಚಿ ಹರಡಿಕೊಂಡು ಕೂರುತ್ತಿದ್ದ ಹಿಂದಿನ ಕೋಣೆಯನ್ನು ಅತ್ತೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಮೇಜಿನ ಮೇಲೆ ಹಳೆಯ ಬಿಳಿ ಹೊದಿಕೆ. ಅದರ ಮೇಲ್ಗಡೆ ಗೋಡೆಗೆ ಅವನೇ ಮೊಳೆ ಹೊಡೆದು ಕೂರಿಸಿದ, ಮುಷ್ಟಿಯಷ್ಟು ಗಾತ್ರದ ಒಂದು ಕ್ಯಾಮೆರಾ. ಬೆಲೆಬಾಳುವ ಉಪಕರಣಗಳ ಕಾವಲಿಗೆ ಎಂದು ಅವನು ಹೇಳಿದ್ದ, ಸೊಸೆ ನಂಬಿದ್ದಳು.

ಒಂದು ಸಂಗತಿ ಮಾತ್ರ ಅವಳಿಗೆ ಆಗಲೂ ವಿಚಿತ್ರ ಅನ್ನಿಸುತ್ತಿತ್ತು. ಅವನು ಕೋಣೆಯ ಬಾಗಿಲು ಹಾಕಿಕೊಂಡು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದ. ಒಂದು ದನಿ ಪ್ರಶ್ನೆ ಕೇಳುತ್ತಿತ್ತು, ಅದೇ ದನಿ ಉತ್ತರ ಕೊಡುತ್ತಿತ್ತು. ಒಮ್ಮೊಮ್ಮೆ ತನ್ನ ಮಾತಿಗೆ ತಾನೇ ನಗುತ್ತಿದ್ದ. “ಏನ್ರೀ, ಒಳಗೆ ಇನ್ನೊಬ್ಬರನ್ನ ಸಾಕ್ಕೊಂಡಿದ್ದೀರಾ?” ಎಂದು ಅವಳು ಛೇಡಿಸಿದರೆ, “ಹೂಂ ಕಣೇ, ನನಗಿಂತ ಒಳ್ಳೆಯವನು” ಎಂದು ನಕ್ಕು ಮಾತು ಹಾರಿಸುತ್ತಿದ್ದ.

ಅತ್ತೆ ಟೈಲರಿಂಗ್ ಅಂಗಡಿ ನಡೆಸಿ ಮಗನನ್ನು ಸಾಕಿದವರು. ಮಗ ಶಾಲೆಯಲ್ಲಿರುವಾಗಲೇ ಅವರ ಗಂಡ ಮನೆ ಬಿಟ್ಟು ಹೋಗಿದ್ದರು. ಏಕೆ, ಎಲ್ಲಿಗೆ ಎಂದು ಕೇಳಿದವರಿಗೆ ಅತ್ತೆಯದು ಒಂದೇ ಮಾತು: “ಹೋದೋರು ಹೋದ್ರು.” ಮನೆಯಲ್ಲಿ ಅವರದೊಂದು ಫೋಟೋ ಸಹ ಇರಲಿಲ್ಲ.

ಹೀಗಿರುವಾಗ ಸೊಸೆಯ ಕೆಲಸಕ್ಕೆ ಕಂಟಕ ಬಂತು. ಕೇಳುತ್ತಿದ್ದ ದನಿ ನಡುವೆ ಕತ್ತರಿಸಿ ಹೋಗುವುದು, ಟೈಪು ಮಾಡಿದ್ದು ಅರ್ಧಕ್ಕೇ ನಿಲ್ಲುವುದು. ರೋಸಿ ಹೋಗಿ ಒಂದು ಬೆಳಿಗ್ಗೆ ಇಂಟರ್ನೆಟ್ ಕಂಪನಿಗೆ ಫೋನು ಹಚ್ಚಿದಳು.

ಆ ಕಡೆ ಮಾತಾಡಿದವಳು ಸಮಾಧಾನದ ಹೆಣ್ಣುಮಗಳು. “ಮೇಡಂ, ಹಳೇ ಥರದ ಇಂಟರ್ನೆಟ್ ವಿಳಾಸಗಳೆಲ್ಲ ಮುಗಿದುಹೋಗಿವೆ. ಈಗ ಎರಡು ವರ್ಷದಿಂದ ನಿಮ್ಮ ಬೀದಿಗೆಲ್ಲ ಸೇರಿಸಿ ಒಂದೇ ವಿಳಾಸದಲ್ಲಿ ನಡೆಸ್ತಿದೀವಿ. ಒಂದು ಬಾಗಿಲು, ನೂರು ಜನ. ನೂಕುನುಗ್ಗಲು ಆಗದೆ ಏನಾಗತ್ತೆ? ಹೊರಗಿನಿಂದ ಯಾರಾದ್ರೂ ನಿಮ್ಮನೆ ಹುಡುಕ್ಕೊಂಡು ಬಂದ್ರೂ ಸಿಗಲ್ಲ. ಹೊಸದು, ಐಪಿವಿ ಸಿಕ್ಸ್ ಅಂತ, ಅದನ್ನ ಹಾಕ್ಕೊಂಡ್ರೆ ನಿಮ್ಮನೇಲಿರೋ ಒಂದೊಂದು ಸಾಮಾನಿಗೂ ಅದರದೇ ಸ್ವಂತ ವಿಳಾಸ ಬರತ್ತೆ.”

“ಒಂದೊಂದಕ್ಕೂನಾ? ಫೋನಿಗೆ ಬೇರೆ, ಕಂಪ್ಯೂಟರಿಗೆ ಬೇರೆ?”

“ಫ್ರಿಜ್ಜಿಗೆ ಇಂಟರ್ನೆಟ್ ಇದ್ರೆ ಅದಕ್ಕೂ ಬೇರೆ.”

ಅವಳು ಹೇಳಿದಂತೆ ಸೊಸೆ ರೂಟರಿನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿನ ಪಾಸ್‌ವರ್ಡು ಹಾಕಿ ಅದರ ಪುಟ ತೆರೆದಳು. ಹೊಸ ವಿಳಾಸದ ಸ್ವಿಚ್ಚು ಒತ್ತಿದಳು, ‘ತಾನಾಗಿ ಪಡೆ’ ಎಂಬುದನ್ನು ಆರಿಸಿ ಉಳಿಸಿದಳು. ರೂಟರಿನ ದೀಪಗಳೆಲ್ಲ ಆರಿ, ಒಂದೊಂದಾಗಿ ಮತ್ತೆ ಹತ್ತಿದವು. ಆದರೂ ಪುಟದಲ್ಲಿ ಏನೂ ಕಾಣಲಿಲ್ಲ. “ಹಾಗಾದ್ರೆ ಫೈರ್‌ವಾಲ್ ಅಂತಿದೆ ನೋಡಿ, ಹೊರಗಿನವರನ್ನ ತಡೆಯೋ ಕಾವಲು ಅದು. ಸ್ವಲ್ಪ ಹೊತ್ತು ಆಫ್ ಮಾಡಿ. ವಿಳಾಸ ಬಂದ ಮೇಲೆ ಮರೀದೆ ಆನ್ ಮಾಡ್ಬಿಡಿ” ಎಂದಳು ಆ ಕಡೆಯವಳು. ಮಾಡಿದಳು. ಅಂಕಿ, ಅಕ್ಷರ, ನಡುವೆ ಜೋಡಿ ಚುಕ್ಕೆಗಳು ಇದ್ದ ಉದ್ದನೆಯ ವಿಳಾಸವೊಂದು ಪರದೆಯ ಮೇಲೆ ಮೂಡಿತು. ದನಿ ಸಲೀಸಾಗಿ ಹರಿಯತೊಡಗಿತು. ಬಾಕಿ ಬಿದ್ದ ಕೆಲಸ ಬೆಟ್ಟದಷ್ಟಿತ್ತು. ಆ ಸಂಭ್ರಮದಲ್ಲಿ ಕಾವಲಿನ ಮಾತು ಅವಳಿಗೆ ಮರೆತೇ ಹೋಯಿತು.

ಮರುದಿನ ಬೆಳಗಿನ ಹೊತ್ತು. ಬಿಸಿಲು ಒಳಗೆ ಬಂದಿತ್ತು. ಅತ್ತೆ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದರು. ಸೊಸೆ ಹೆಡ್‌ಫೋನು ತೆಗೆದು ಚಹಾಕ್ಕೆ ನೀರಿಡಲು ಎದ್ದಳು. ಆಗ ಹಿಂದಿನ ಕೋಣೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

ಆ ಗಂಟಲನ್ನು ಅವಳು ಸಾವಿರ ಜನರ ನಡುವೆ ಹೆಕ್ಕಿ ತೆಗೆಯಬಲ್ಲಳು.

“ಸರಿಹೋಯ್ತೇನೋ?” ಎಂದಿತು ಒಳಗಿನ ದನಿ. ಅವಳ ಗಂಡನ ದನಿ. ಪದದ ಕೊನೆಯನ್ನು ಎಳೆದು ಮೇಲಕ್ಕೆತ್ತುವ ಅದೇ ಅಭ್ಯಾಸ. “ಯಾರೂ ಇಲ್ವಾ? ಮೇಜಿನ ಮೇಲೆ ಯಾಕೆ ಬಟ್ಟೆ ಹೊದಿಸಿದ್ದಾರೆ?”

ಬಾಲ್ಕನಿಯಲ್ಲಿ ಬಕೆಟ್ಟು ಉರುಳಿತು. ಅತ್ತೆ ಒದ್ದೆ ಕೈಯಲ್ಲೇ ಓಡಿಬಂದರು. ಮೊಣಕಾಲು ನೋವೆಂದು ಗೋಡೆ ಹಿಡಿದು ನಡೆಯುವವರು ಹಾಗೆ ಓಡಿದ್ದನ್ನು ಸೊಸೆ ಅದುವರೆಗೆ ಕಂಡಿರಲಿಲ್ಲ. ಅಡ್ಡ ನಿಂತ ಸೊಸೆಯನ್ನು ನೂಕಿ, ಬಾಗಿಲು ತಳ್ಳಿ, “ಮಗಾ! ಬಂದ್ಯಾ ಮಗಾ?” ಎಂದರು.

ಕೋಣೆ ಖಾಲಿ. ಹೊದಿಕೆಯ ಮೇಲೆ ಧೂಳು. ಇಷ್ಟು ದಿನ ಕೆಂಪಗಿದ್ದ ಕ್ಯಾಮೆರಾದ ದೀಪ ಹಸಿರಾಗಿತ್ತು.

ದನಿ ಮೆಲ್ಲಗೆ, “ನಾನು… ಅವನಲ್ಲ. ಅವನಪ್ಪ. ನೀನು ಕಾಣ್ತಿದೀಯ. ತುಂಬಾ ಸೊರಗಿದೀಯ” ಎಂದಿತು.

ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿದರು. ಸೊಸೆ ಅವರ ತೋಳು ಹಿಡಿದುಕೊಂಡಳು. ಯಾರು ಯಾರನ್ನು ಹಿಡಿದು ನಿಲ್ಲಿಸಿದ್ದರೋ ಹೇಳುವುದು ಕಷ್ಟ.

“ಅವನ್ನ ಕರೀತೀಯಾ?” ಎಂದಿತು ದನಿ. “ಫೋನ್ ಎತ್ತಲ್ಲ. ನಂಬರೇ ಇಲ್ಲ ಅಂತಾರೆ. ಈ ಕ್ಯಾಮೆರಾ ಕೆಟ್ಟಿದೆ ಅಪ್ಪಾ, ಸರಿಮಾಡ್ತೀನಿ ಅಂದಿದ್ದ. ಅಷ್ಟೇ, ಅವತ್ತಿಂದ ಪತ್ತೆ ಇಲ್ಲ. ನನ್ನ ಮೇಲೆ ಕೋಪ ಇರಬೇಕು ಅಂದ್ಕೊಂಡೆ. ದಿನಾ ಒಂದ್ಸಲ ತೆಗೆದು ನೋಡ್ತಿದ್ದೆ. ಇವತ್ತು ಬಂತು.”

ಹೇಳುವವರು ಯಾರು? ಸೊಸೆಗೆ ಎದುರಿಗಿದ್ದದ್ದು ಗಂಡನ ದನಿ. ನೀವು ಸತ್ತುಹೋಗಿದ್ದೀರಿ ಎಂದು ಅವನಿಗೇ ಹೇಳುವಂತಿತ್ತು.

ಹೇಳಿದವರು ಅತ್ತೆ. ಕ್ಯಾಮೆರಾದ ಕಡೆ ನೋಡದೆ, ನೆಲಕ್ಕೆ ಹೇಳಿದಂತೆ: “ಅವನು ಇಲ್ಲ. ಲಾರಿ ಹೊಡೀತು. ಎರಡು ವರ್ಷ ಆಯ್ತು.”

ಆ ಕಡೆ ಆ ಗಂಡಸು ಅಳತೊಡಗಿದ. ಅವಳ ಗಂಡ ಅವಳೆದುರು ಅತ್ತವನಲ್ಲ. ಅವನು ಅತ್ತಿದ್ದರೆ ಹೇಗೆ ಕೇಳುತ್ತಿತ್ತು ಎಂಬುದು ಸೊಸೆಗೆ ಅವತ್ತು ಗೊತ್ತಾಯಿತು. ಅವಳು ಎರಡೂ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು.

ಉಳಿದ ಕಥೆ ಮುಂದಿನ ದಿನಗಳಲ್ಲಿ ಬಿಡಿಬಿಡಿಯಾಗಿ ತಿಳಿಯಿತು. ಮಾವ ಬೇರೊಂದು ಊರಿನಲ್ಲಿ ಗಾಜು ಕತ್ತರಿಸುವ ಕೆಲಸ ಮಾಡಿಕೊಂಡಿದ್ದರು. ಒಂದು ದಿನ ಕಿಟಕಿಗೆ ಗಾಜು ಕೂರಿಸಲು ಹೋದ ಕಟ್ಟಡದಲ್ಲಿ ಲಿಫ್ಟು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿತು. ಕತ್ತಲಲ್ಲಿ ಬೆವರುತ್ತ ನಿಂತಿದ್ದಾಗ ಲಿಫ್ಟಿನ ಗೋಡೆಯ ಸ್ಪೀಕರಿನಿಂದ “ಹೆದರ್ಕೋಬೇಡಿ, ನಾನಿದೀನಿ, ಇಳಿಸ್ತೀನಿ” ಎಂಬ ಮಾತು ಬಂತು. ಅದು ಅವರದೇ ದನಿ. ತಾನು ಸತ್ತೆನೇನೋ ಅಂದುಕೊಂಡರಂತೆ. “ಯಾರಪ್ಪಾ ನೀನು?” ಎಂದು ಇವರು ಕೇಳಿದ್ದೇ ತಡ, ಆ ಕಡೆಯವನೂ ಮಾತು ನಿಲ್ಲಿಸಿದ. ಬಾಗಿಲು ತೆಗೆದಾಗ ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮಗ ಈ ಕ್ಯಾಮೆರಾ ಹಾಕಿಸಿದ, ಅಪ್ಪನ ಫೋನಿನಲ್ಲಿ ಅದನ್ನು ಜೋಡಿಸಿಕೊಟ್ಟ. ಅವನು ಮೇಜಿನ ಮುಂದೆ ಕೂತು ರಿಪೇರಿ ಮಾಡುವನು, ಅಪ್ಪ ಅಲ್ಲಿಂದಲೇ ನೋಡುತ್ತ, ಕ್ಯಾಮೆರಾದ ಪುಟ್ಟ ಸ್ಪೀಕರಿನಲ್ಲಿ ಮಾತಾಡುವರು. ಅಮ್ಮನಿಗೆ ಮಾತ್ರ ಹೇಳುವ ಧೈರ್ಯ ಬರಲಿಲ್ಲ. ಕಂಪನಿ ಬೀದಿಗೆಲ್ಲ ಒಂದೇ ವಿಳಾಸ ಮಾಡಿದ ದಿನ ಆ ದಾರಿ ಮುಚ್ಚಿಹೋಯಿತು. ಹೊಸ ವಿಳಾಸ ಸಿಕ್ಕ ಕೂಡಲೇ ಕ್ಯಾಮೆರಾ ತಾನಾಗಿಯೇ ಆ ಫೋನಿಗೆ ದಾರಿ ತೋರಿಸಿತ್ತು.

ಕಾವಲು ತೆಗೆದಿರುವುದು ನೆನಪಾದಾಗ ಸೊಸೆ ಮತ್ತೆ ಕಂಪನಿಗೆ ಫೋನು ಮಾಡಿದಳು. ಎಲ್ಲ ಬಾಗಿಲು ಮುಚ್ಚಿ ಕ್ಯಾಮೆರಾದ್ದೊಂದನ್ನು ಮಾತ್ರ ತೆರೆದಿಡಬಹುದೇ ಎಂದು ಕೇಳಿದಳು. ಇಡಬಹುದಂತೆ. ಇಟ್ಟಳು. ಅತ್ತೆ ಬೇಕು ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಬೆಳಿಗ್ಗೆ ಆದರೆ ಆ ದನಿ ಬರುತ್ತಿತ್ತು. ಗಾಜಿನಂಗಡಿಯ ಸುದ್ದಿ, ಬೆನ್ನುನೋವು, ಹವಾಮಾನ. ಸೊಸೆ ಕೆಲಸ ಬದಿಗಿಟ್ಟು ಗೋಡೆಗೆ ತಲೆಯಾನಿಸಿ ಕೇಳುವಳು. ಕಣ್ಣು ಮುಚ್ಚಿದರೆ ಅವನೇ. ಆದರೆ ಮುಪ್ಪಾದವನು, ತನ್ನೊಂದಿಗೆ ಬಾಳಿ ಮುದುಕನಾಗಬೇಕಿದ್ದವನು. ಒಂದು ದಿನ ಅವಳು ತಡೆಯಲಾರದೆ ಕೋಣೆಗೆ ಹೋಗಿ, “ಮಾವ, ಒಂದ್ಸಲ ‘ಏನೇ’ ಅಂತ ಕರೀತೀರಾ?” ಎಂದಳು. ಮಾವ ತಬ್ಬಿಬ್ಬಾದರು. ಆಮೇಲೆ ಕರೆದರು. ಆ ದಿನವೆಲ್ಲ ಅವಳಿಗೆ ಒಂದು ಸಾಲೂ ಟೈಪು ಮಾಡಲಾಗಲಿಲ್ಲ. ತಾನು ಮಾಡುತ್ತಿರುವುದು ಸರಿಯಲ್ಲ ಎಂದು ಗೊತ್ತಿತ್ತು, ಬಿಡಲೂ ಆಗುತ್ತಿರಲಿಲ್ಲ.

ಕೊನೆಗೆ, ಇದು ಹುಚ್ಚಿಗೆ ತಿರುಗುವ ಮೊದಲು ಆ ಮನುಷ್ಯನನ್ನು ಕಣ್ಣಾರೆ ನೋಡಿಬಿಡಬೇಕು ಎಂದು ನಿಶ್ಚಯಿಸಿ, ಬಸ್ಸು ಹತ್ತಿ ಆ ಊರಿಗೆ ಹೋದಳು. ನಿಲ್ದಾಣದಲ್ಲಿ ಕಾಯುತ್ತಿದ್ದದ್ದು ಕುಳ್ಳಗೆ, ಬೊಕ್ಕತಲೆಯ, ಬೆರಳಿಗೆಲ್ಲ ಗಾಜು ಕೊರೆದ ಗಾಯದ ಗುರುತುಗಳಿದ್ದ ಒಬ್ಬ ಅಪರಿಚಿತ ಮುದುಕ. “ಬಾಮ್ಮ” ಎಂದರು. ಚಹಾ ಕುಡಿಸಿದರು, ಮಗನ ಮಾತಾಡಿದರು, ಕಣ್ಣೊರೆಸಿಕೊಂಡರು. ಒಳ್ಳೆಯ ಮನುಷ್ಯನೇ. ಅವಳು ಅವರ ತುಟಿಗಳನ್ನೇ ನೋಡುತ್ತ ಕೂತಿದ್ದಳು. ಪ್ರತಿ ಮಾತೂ ಆ ತುಟಿಗಳಿಂದ ಬಂದು, ಆ ಮುಖಕ್ಕೇ ಅಂಟಿಕೊಂಡಿತು.

ಮರುದಿನ ಬೆಳಿಗ್ಗೆ ಕೋಣೆಯಿಂದ ದನಿ ಬಂದಾಗ ಅವಳು ಕಣ್ಣು ಮುಚ್ಚಿ ಕೇಳಿದಳು. ಬೊಕ್ಕತಲೆಯ ಮುದುಕ ಮಾತಾಡುತ್ತಿದ್ದರು. ಅಷ್ಟೇ. ಅವಳು ಗೋಡೆ ಬಿಟ್ಟು ಬಂದು, ಗಂಡ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ಅತ್ತೆ ಎಲ್ಲವನ್ನೂ ಗಮನಿಸಿದ್ದರು. ಆಗಿನಿಂದ ಅವರು ಬೆಳಿಗ್ಗೆ ಹೊಲಿಗೆಯ ಬುಟ್ಟಿ ತೆಗೆದುಕೊಂಡು ಆ ಕೋಣೆಗೆ ಹೋಗಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂರತೊಡಗಿದರು. ಗಂಡನ ಮಾತಿಗೆ ಹೂಂಗುಟ್ಟುವುದೂ ಅಪರೂಪ. ಮನೆಗೆ ಬರಲೇ ಎಂದು ಅವರು ಕೇಳಿದಾಗಲೆಲ್ಲ ಸೂಜಿಗೆ ದಾರ ಪೋಣಿಸುವರು.

“ಅತ್ತೆ, ಒಂದ್ಸಲ ಕರೆಸ್ಲಾ?” ಎಂದು ಸೊಸೆ ಕೇಳಿದಳು. “ವಯಸ್ಸಾಗಿದೆ. ಪಾಪ ಅನ್ಸತ್ತೆ.”

“ಬೇಡ ಕಣಮ್ಮ” ಎಂದರು ಅತ್ತೆ. “ನೀನು ನೋಡೋಕೆ ಹೋಗಿ ಕಳ್ಕೊಂಡು ಬಂದೆ. ನನಗಾದ್ರೂ ಮಗನ ದನಿ ಉಳೀಲಿ.”

ಒಳಗೆ ದನಿ ಮಾತಾಡುತ್ತಲೇ ಇತ್ತು. ಅತ್ತೆ ಬಾಗಿಲನ್ನು ಅರ್ಧ ಮುಂದಕ್ಕೆಳೆದುಕೊಂಡು, ಹೋಗಿ ತಮ್ಮ ಜಾಗದಲ್ಲಿ ಕೂತರು.